ನೇಮಿರಾಜಯ್ಯನವರ ಮಾಳಿಗೆ ಮೇಲಿನ ಚಂದ್ರ

ಮದುವೆಯಾಗಿ ಅರಕಲಗೂಡಿಗೆ ಬಂದ ಮೊದಲ ಬೆಳಿಗ್ಗೆಯೇ ನಾನು ಗಂಡನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದೆ: "ನಿಮ್ಮಪ್ಪ ಅಮ್ಮ ಇಬ್ಬರಲ್ಲಿ ಕಿವಿ ಕೇಳದೇ ಇರೋರು ಯಾರು?"

ಕೇಳದೆ ಇನ್ನೇನು ಮಾಡಲಿ? ನಮ್ಮತ್ತೆ ಬಸವಲಿಂಗಮ್ಮ ಒಲೆಯ ಮುಂದೆ ಕೂತು ಒರಳುಕಲ್ಲಿನ ಜೊತೆ ಮಾತಾಡುತ್ತಿದ್ದರು. "ಒರಳಣ್ಣಾ, ರೊಟ್ಟಿ ಆರೋಯ್ತಾ ಅದೆ. ತಿನ್ನೋರು ಬಂದು ತಿನ್ಬೌದು." ಎರಡು ಮಾರು ಆಚೆ ಮಣೆಯ ಮೇಲೆ ಕೂತಿದ್ದ ಮಾವ ರುದ್ರಯ್ಯನವರು ಕಂಬದ ಕಡೆ ಮುಖ ಮಾಡಿ, "ಕಂಬಣ್ಣಾ, ತಟ್ಟೆಗೆ ತುಪ್ಪ ಬಿದ್ದಿಲ್ಲ ಅಂತ ಯಾರ್ಗಾರಾ ಏಳು" ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಕಂಡ ಸಂತೋಷ ಹೇಳತೀರದು. ಒರಳಿಗೂ ಕಂಬಕ್ಕೂ ಕೈಕಾಲು ಬಾಯಿ ಬಂದು, ಸೀರೆ ಉಟ್ಟುಕೊಂಡು ಹೊಳೆನರಸೀಪುರದಿಂದ ಬಸ್ಸು ಹತ್ತಿ ಬಂದಿತ್ತಲ್ಲ! ಅವತ್ತಿನಿಂದ ಆ ಮನೆಯ ಅಂಚೆ ನಾನಾದೆ.

ನನ್ನ ಗಂಡ ಷಡಕ್ಷರಿ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತರು. ವಾರಕ್ಕೊಮ್ಮೆ ಬಂದು ಮುಖ ತೋರಿಸಿ ಹೋಗುವ ಪುಣ್ಯಾತ್ಮರು. ಅವರು ತಲೆ ಕೆರೆದುಕೊಂಡು, "ಕಿವಿ ಇಬ್ರಿಗೂ ಚೆನ್ನಾಗಿ ಕೇಳ್ತದೆ. ಏನ್ಮಾಡೋದು, ತೊಡಕಿನ ದಿನ ಜಗಳ ಆಡ್ಬುಟ್ರು ಕಣೇ" ಎಂದರು.

ತೊಡಕು ಎಂದರೆ ಯುಗಾದಿಯ ಮಾರನೆಯ ದಿನ. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದನ್ನೇ ಮಾಡುತ್ತೇವೆ ಎಂದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಅವತ್ತು ಸೋಮಾರಿಗಳು ಕೋಳಿ ಕೂಗುವ ಮುಂಚೆ ಏಳುತ್ತಾರೆ, ಮಕ್ಕಳು ಒಂದು ಗಳಿಗೆಯಾದರೂ ಪುಸ್ತಕ ಬಿಡಿಸುತ್ತಾರೆ, ಬಾಯಿ ಜೋರಿನವರು ನಾಲಿಗೆ ಕಚ್ಚಿಕೊಂಡು ಓಡಾಡುತ್ತಾರೆ. ಸಂಜೆ ಊರಿಗೆ ಊರೇ ಬೀದಿಗೆ ಬಂದು ಎಳೆಚಂದ್ರನನ್ನು ನೋಡಿ ಕೈಮುಗಿದು ಹಿರಿಯರ ಕಾಲಿಗೆ ಬೀಳುತ್ತದೆ. ಅಲ್ಲಿಗೆ ಹೊಸ ವರ್ಷ ಸರಿಯಾಗಿ ಕೂತ ಹಾಗೆ.

ಆ ಹೇವಿಳಂಬಿ ಸಂವತ್ಸರದ ತೊಡಕಿನಲ್ಲಿ ಮೋಡವಿತ್ತಂತೆ. ಯಾರಿಗೂ ಚಂದ್ರ ಕಾಣದೆ ಕತ್ತು ನೋಯಿಸಿಕೊಳ್ಳುತ್ತಿದ್ದಾಗ ಮಾವ ಎದುರು ಮನೆಯ ಪಾತ್ರೆ ಅಂಗಡಿ ನೇಮಿರಾಜಯ್ಯನವರ ಮಾಳಿಗೆಯ ಮೇಲಕ್ಕೆ ಬೆರಳು ಮಾಡಿ, "ಅಗೋ! ಕಂಡ!" ಎಂದರು. ಬೀದಿಯೆಲ್ಲ ಕೈಮುಗಿಯಲು ಹೊರಟಿತ್ತು. ಅಷ್ಟರಲ್ಲಿ ಅತ್ತೆ, "ಎಲ್ಲಿ ಬಂತು ಚಂದ್ರ? ಮೋಡದ ಅಂಚು ಅದು. ನಿಮ್ಮ ಕಣ್ಣು ಮಂಜಾಗವೆ" ಎಂದುಬಿಟ್ಟರು. ಬೇರೆ ಯಾರಿಗಾದರೂ ಈ ಮಾತು ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಮಾವನದು ಬಟ್ಟೆ ಅಂಗಡಿ. ಕಣ್ಣು ಕಾಣದವನ ಹತ್ತಿರ ಸೀರೆಯ ಬಣ್ಣ ಯಾರು ಕೇಳುತ್ತಾರೆ? ಅದೂ ಅರ್ಧ ಗಿರಾಕಿಗಳು ಬೀದಿಯಲ್ಲೇ ನಿಂತಿದ್ದಾಗ! ಮಾವ ಉರಿದುಬಿದ್ದು, "ಬೂವನಹಳ್ಳೀಲಿ ಚಂದ್ರ ಯಾವತ್ತು ಉಟ್ಟಿದ್ದ, ನಿಂಗೆ ಗುರ್ತು ಸಿಗಕ್ಕೆ?" ಎಂದರು. ಬೂವನಹಳ್ಳಿ ಅತ್ತೆಯ ತೌರು. ತೌರಿನ ಸುದ್ದಿಗೆ ಹೋದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಇನ್ನು ನಿಮ್ಮ ಹತ್ತಿರ ಮಾತಾಡಿದರೆ ಕೇಳಿ ಎಂದು ಅತ್ತೆ, ನಾನೂ ಅಷ್ಟೇ ಎಂದು ಮಾವ, ತೊಡಕಿನ ದಿನ ಆಡಬಾರದ ಮಾತನ್ನು ಆಡಿಬಿಟ್ಟರು.

ಮಾರನೆಯ ದಿನಕ್ಕೆ ಇಬ್ಬರ ಕೋಪವೂ ಇಳಿದಿತ್ತು. ಆದರೆ ತೊಡಕಿನ ಮಾತಲ್ಲವೇ? ರಾಜಿಗೆ ಬಂದವರಿಗೆಲ್ಲ ಇಬ್ಬರದೂ ಒಂದೇ ಉತ್ತರ: "ನಂದೇನೂ ಇಲ್ಲ ಕಣಪ್ಪ, ತೊಡಕು ಇಡ್ಕಂಡದೆ. ಮುಂದಿನ ತೊಡಕಿಗೇ ಬಿಡೋದು." ನಮ್ಮ ಮದುವೆಯಲ್ಲಿ ಅಕ್ಕಪಕ್ಕ ನಿಂತು ಅಕ್ಷತೆ ಹಾಕಿದರು, ಒಬ್ಬರಿಗೊಬ್ಬರು ತುಟಿ ಬಿಚ್ಚಲಿಲ್ಲ. ನಮ್ಮಮ್ಮ ಅದನ್ನು ನೋಡಿ, ಎಷ್ಟು ಗಂಭೀರದ ಜನ ಎಂದು ಮೆಚ್ಚಿಕೊಂಡು ಊರೆಲ್ಲ ಹೇಳಿಕೊಂಡು ಬಂದಿದ್ದಳು!

ಅಂಚೆ ಕೆಲಸದಲ್ಲಿ ನನಗೆ ಬೇಗ ಕೈ ಕುದುರಿತು. ಇಲ್ಲಿಂದ ತೆಗೆದುಕೊಂಡ ಮಾತನ್ನು ಹಾಗೇ ಅಲ್ಲಿಗೆ ಕೊಟ್ಟರೆ ಮನೆಗೆ ಬೆಂಕಿ ಬೀಳುತ್ತಿತ್ತು. ದಾರಿಯಲ್ಲಿ ಸ್ವಲ್ಪ ಬೆಲ್ಲ ಬೆರೆಸಬೇಕು. "ಬೇಕಾದ್ರೆ ಉಣ್ಲಿ, ಬ್ಯಾಡ್ದಿದ್ರೆ ಎದ್ದೋಗ್ಲಿ" ಎಂದು ಅತ್ತೆ ಅಂದದ್ದು, "ಇನ್ನೊಂಚೂರು ಹಾಕಿಸ್ಕೋಬೇಕಂತೆ ಮಾವ" ಆಗಿ ತಲುಪುತ್ತಿತ್ತು. ದೀಪಾವಳಿಯಲ್ಲಿ ಮಾವ ಕಡುಬು ಮುರಿಯಲಾರದೆ, "ಇದೇನು ಕಲ್ಲಾ ಕೇಳು" ಎಂದರು. ನಾನು ಒಳಗೆ ಹೋಗಿ, "ಕಡುಬು ಚೆನ್ನಾಗಿದೆಯಂತೆ ಅತ್ತೆ" ಎಂದೆ. ಅತ್ತೆಗೆ ಅವತ್ತು ಹಬ್ಬ ಇಮ್ಮಡಿಯಾಯಿತು, ಮಾವನಿಗೆ ಇನ್ನೂ ಎರಡು ಕಡುಬು ಹೋಯಿತು.

ನಕ್ಕರೂ ಸರಿ, ಅವರಿಬ್ಬರೂ ಸಂಜೆ ಹೊತ್ತು ಒಂದೇ ಜಗಲಿಯ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂರುವುದನ್ನು ನೋಡಲಾರದೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಈಚೆಗೆ ಮಾವ ಬಟ್ಟೆಯ ತಾನನ್ನು ಬಾಗಿಲ ಬೆಳಕಿಗೆ ತಂದು ಹಿಡಿದು ನೋಡುತ್ತಿದ್ದರು. ಒಂದು ಸಂಜೆ ಅತ್ತೆ ನನ್ನ ಕೈಗೆ ಇನ್ನೊಂದು ದೀಪ ಕೊಟ್ಟು, "ಅವ್ರು ಕೂರೋ ಕಡೆ ಇದ್ನೂ ಇಡು. ನಾ ಏಳ್ದೆ ಅಂತ ಮಾತ್ರ ಏಳ್ಬ್ಯಾಡ" ಎಂದರು. ಅದೊಂದನ್ನು ನಾನು ಬೆಲ್ಲವನ್ನೂ ಬೆರೆಸದೆ, ಹೇಳಲೂ ಹೇಳದೆ ತಲುಪಿಸಿದೆ.

ಹೀಗೆ ವರ್ಷ ಉರುಳಿತು. ವಿಳಂಬಿ ಸಂವತ್ಸರದ ಯುಗಾದಿ ಬಂದಾಗ ನನಗೆ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲು ಬಾಣಂತನ ತೌರಿನಲ್ಲಾಗಬೇಕು. ಏಳಕ್ಕೆ ಹೋಗದಿದ್ದರೆ ಎಂಟರಲ್ಲಿ ಕಳಿಸುವ ಪದ್ಧತಿ ಇಲ್ಲ, ಒಂಬತ್ತರಲ್ಲಿ ಆ ರಸ್ತೆಯ ಬಸ್ಸಿಗೆ ಬಸುರಿಯನ್ನು ಹತ್ತಿಸುವ ಧೈರ್ಯ ಯಾರಿಗೂ ಇಲ್ಲ. ನನಗೋ ಅಮ್ಮನ ಕೈಯ ಮೊಸರನ್ನ ಕನಸಿನಲ್ಲೆಲ್ಲ ಬರುತ್ತಿತ್ತು. ತೊಡಕಿನ ದಿನ ಬೆಳಿಗ್ಗೆ ಅಣ್ಣ ಈಶ್ವರಯ್ಯ ಕರೆದುಕೊಂಡು ಹೋಗಲು ಬಂದಿಳಿದ. ನಾಳೆ ಮೊದಲನೆ ಬಸ್ಸಿಗೆ ಹೊರಡುವುದು ಎಂದು ಮಾತು.

ಅವನು ಕೈಕಾಲು ತೊಳೆಯುವ ಮುಂಚೆಯೇ ಅತ್ತೆ ನನ್ನನ್ನು ಅಡುಗೆಮನೆಗೆಳೆದು, "ನೀನೋಗ್ಬುಟ್ರೆ ಈ ಮನೇಲಿ ಮಾತಾಡೋರ್ಯಾರು ಮಗಾ? ಬಾಣಂತನ ನಾನೇ ಮಾಡ್ತೀನಿ, ಇಲ್ಲೇ ಇದ್ಬುಡು" ಎಂದರು. ನಾನು ಪಡಸಾಲೆಗೆ ಬಂದರೆ ಮಾವ ಅಣ್ಣನ ಮುಂದೆ ಕೂತು ಅದೇ ಹಾಡು: "ನೋಡಪ್ಪ, ಉಡ್ಗೀನ ಇಲ್ಲೇ ಬುಟ್ಬುಡು. ಸೂಲಗಿತ್ತಿ ಪಕ್ಕದ್ ಬೀದೀಲೇ ಅವ್ಳೆ." ವರ್ಷದಲ್ಲಿ ಗಂಡ ಹೆಂಡತಿ ಒಮ್ಮತಕ್ಕೆ ಬಂದ ವಿಷಯ ಇದೊಂದೇ. ನನ್ನ ಗಂಡನ ಕಡೆ ನೋಡಿದೆ. ಅವರು ಪಂಚಾಂಗ ಓದುವವರ ಹಾಗೆ ತಲೆ ತಗ್ಗಿಸಿದರು, ಪಂಚಾಂಗ ತಲೆಕೆಳಗಾಗಿತ್ತು!

ನನಗೆ ರೋಷ ಬಂತು. ಇವತ್ತು ಸಂಜೆಯೊಳಗೆ ಇವರ ಬಾಯಿ ಬಿಡಿಸದಿದ್ದರೆ ತೊಡಕು ಇನ್ನೊಂದು ವರ್ಷಕ್ಕೆ ಹಿಡಿದುಕೊಳ್ಳುತ್ತದೆ, ನಾನು ಅರಕಲಗೂಡಿನಲ್ಲೇ ಹೆತ್ತು, ಮಗುವಿಗೂ ಅಂಚೆ ಕೆಲಸ ಕಲಿಸಬೇಕಾಗುತ್ತದೆ. ಇಬ್ಬರಿಗೂ ಮಾತಾಡುವ ಆಸೆ ಇತ್ತು, ಅದು ಕುರುಡನಿಗೂ ಕಾಣುತ್ತಿತ್ತು. ಬೆಳಿಗ್ಗೆಯಿಂದ ಅತ್ತೆ ಕಾರಣವಿಲ್ಲದೆ ಪಡಸಾಲೆಗೆ ಬಂದು ಹೋಗುತ್ತಿದ್ದರು, ಮಾವ ಕಾರಣವಿಲ್ಲದೆ ಕೆಮ್ಮುತ್ತಿದ್ದರು. ಮೊದಲು ಯಾರು ಎನ್ನುವುದೊಂದೇ ತೊಡಕು.

ನಾನು ಗಂಟಲು ಹಿಡಿದುಕೊಂಡು ಸನ್ನೆ ಮಾಡಿದೆ: ಸ್ವರ ಬಿದ್ದುಹೋಗಿದೆ, ಮಾತು ಬರುತ್ತಿಲ್ಲ. ಅಂಚೆ ನಿಂತರೆ ಊರಿನವರು ತಾವೇ ನಡೆದು ಹೋಗಲೇಬೇಕಲ್ಲ? ಅತ್ತೆ ಎದೆ ಬಡಿದುಕೊಂಡು, "ತೊಡಕಿನ ದಿನವೇ ಗಂಟ್ಲು ಕಟ್ಕಂಡ್ಯಾ! ವರ್ಸೆಲ್ಲಾ ಕಟ್ಕತದಲ್ಲೇ!" ಎಂದು ಮೆಣಸಿನ ಕಷಾಯ ಕಾಸಿ ಕುಡಿಸಿದರು. ಅದು ಇಳಿದ ಮೇಲೆ ಸಂಜೆಯ ತನಕ ನಿಜವಾಗಿಯೂ ಸ್ವರ ಹೋಯಿತು. ಮಾವನಾದರೂ ಸೋಲುತ್ತಾರೆಂದುಕೊಂಡರೆ, ಅವರು ಬಾಗಿಲಿಗೆ ಹೋಗಿ, "ನೇಮಿರಾಜಯ್ಯ, ಒಂಚೂರು ಬಂದೋಗಿ" ಎಂದು ಕೂಗಿದರು. ಪಾಪ, ಅವರು ಓಡಿ ಬಂದರು. "ಏನೂ ಇಲ್ಲ, ಒಳಗೆ ಒಂದು ಲೋಟ ನೀರು ಕೇಳ್ಬುಡಿ."

ನೇಮಿರಾಜಯ್ಯನವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ರುದ್ರಯ್ಯನೋರಿಗೆ ನೀರಂತೆ" ಎಂದರು.

"ತಂಬಿಗೇಲಿ ತುಂಬಿ ಅವ್ರ ಪಕ್ಕದಾಗೇ ಮಡಗಿವ್ನಿ ಅಂತೇಳಿ."

"ಪಕ್ಕದಾಗೇ ಅದೆಯಂತೆ."

"ಓ, ಅದೆ. ಸರಿ ಅಂತೇಳ್ಬುಡಿ."

"ಸರಿಯಂತಮ್ಮ." ನೇಮಿರಾಜಯ್ಯನವರು ಹೊರಡುವಾಗ ಮಾವ ಅವರ ಕೈ ಹಿಡಿದು, "ಉಡ್ಗಿ ನಾಳೆ ಒಂಟೋದ್ರೂ ಓದ್ಳೇ. ಇನ್ ಮ್ಯಾಕೆ ನೀವೇ ಬರ್ತಾ ಇರಿ" ಎಂದರು. ನೇಮಿರಾಜಯ್ಯನವರ ಮುಖ ಕಲಾಯಿ ಹಾಕದ ತಪ್ಪಲೆಯ ಹಾಗಾಯಿತು. ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ, "ಏನಾದ್ರೂ ಮಾಡವ್ವ ತಾಯಿ, ನಂಗೆ ಅಂಗಡಿ ಅದೆ" ಎಂದರು.

ಮಧ್ಯಾಹ್ನ ಇನ್ನೊಂದು ಹೂಟ ಹೂಡಿದೆ. ಹಿಂದಿನ ದಿನದ ಹೋಳಿಗೆ ಸಾರು ಕಾಸುವಾಗ ಅದಕ್ಕೆ ಖಾರದ ಪುಡಿಯನ್ನು ಹಿಡಿ ತುಂಬಿ ಸುರಿದೆ. ಬಾಯಿ ಉರಿದರೆ ಮನುಷ್ಯ ಮರ್ಯಾದೆ ಮರೆತು ಕೂಗಲೇಬೇಕು. ಮಾವ ಒಂದು ತುತ್ತು ಉಂಡರು. ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು, ಬೋಳುತಲೆಯೂ ಕೆಂಪಾಯಿತು. ತುಟಿ ಬಿಚ್ಚಲಿಲ್ಲ. ಅತ್ತೆಯೂ ಉಂಡರು. ಇಬ್ಬರ ಕಣ್ಣಲ್ಲೂ ನೀರು ತುಂಬಿ ಕೆನ್ನೆಯ ಮೇಲೆ ಇಳಿಯತೊಡಗಿದಾಗ ನನಗೆ ಜೀವ ಹೋದಂತಾಯಿತು. ತೊಡಕಿನ ದಿನ ಕಣ್ಣೀರು! ಮನೆಯ ಹಿರಿಯರಿಬ್ಬರ ಕಣ್ಣಲ್ಲೂ! ನಾನು ಸೆರಗಿನಿಂದ ಒಬ್ಬೊಬ್ಬರ ಕಣ್ಣು ಒರೆಸಲು ಓಡಾಡಿದೆ. ಅಣ್ಣ ಮಾತ್ರ, "ಸಾರು ಬೋ ಪಸಂದಾಗದೆ" ಎಂದು ಎರಡನೇ ಸಲ ಹಾಕಿಸಿಕೊಂಡ. ಹೊಳೆನರಸೀಪುರದ ನಾಲಿಗೆ ನಮ್ಮದು, ಅದಕ್ಕೆ ಏನೂ ತಟ್ಟುವುದಿಲ್ಲ.

ಹೊತ್ತು ಇಳಿಯುತ್ತಾ ಬಂದ ಹಾಗೆ ಪಡುವಣದಲ್ಲಿ ಮೋಡ ಕಟ್ಟಿತು. ಅಕಾಲದ ಮೋಡ, ನನ್ನ ಹಣೆಬರಹಕ್ಕೇ ಬಂದದ್ದು. ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುವವರಾದ್ದರಿಂದ ನೇಮಿರಾಜಯ್ಯನವರೂ ಅವರ ಹೆಂಡತಿ ಜಿನಮ್ಮನವರೂ ಎಲ್ಲರಿಗಿಂತ ಮೊದಲೇ ಬೀದಿಗೆ ಬಂದು ನಿಂತಿದ್ದರು. ಒಬ್ಬೊಬ್ಬರಾಗಿ ಬೀದಿ ತುಂಬಿತು. ಹೊಸ ಸೀರೆ, ಹೊಸ ಅಂಗಿ, ಎಲ್ಲವೂ ಮಾವನ ಅಂಗಡಿಯವೇ. ಎಲ್ಲರೂ ಆಕಾಶ ನೋಡುವ ನೆಪದಲ್ಲಿ ನಮ್ಮ ಜಗಲಿಯನ್ನು ನೋಡುತ್ತಿದ್ದರು. ಮಾವ ಜಗಲಿಯ ಆ ತುದಿಗೆ, ಅತ್ತೆ ಈ ತುದಿಗೆ.

ಕತ್ತಲು ಕವಿಯತೊಡಗಿತು. ಚಂದ್ರ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಜನ ಮನೆ ಸೇರುತ್ತಾರೆ, ತೊಡಕು ಮುಗಿಯುತ್ತದೆ. ನನಗೆ ಅಳು ಒತ್ತರಿಸಿ ಬಂತು. ನನಗೆ ನಮ್ಮಮ್ಮ ಬೇಕಿತ್ತು. ಈ ಇಬ್ಬರನ್ನು ಹೀಗೆ ಬಿಟ್ಟು ಹೋಗಲೂ ಮನಸ್ಸು ಬರುತ್ತಿರಲಿಲ್ಲ. ಅಳಬಾರದ ದಿನವಾದ್ದರಿಂದ ತುಟಿ ಕಚ್ಚಿ ನಿಂತೆ.

ಆಗ ಮಾವ ಎದ್ದರು. ಮೆಟ್ಟಿಲಿಳಿದು ಬೀದಿಯ ನಡುವೆ ಬಂದು ತಲೆಯೆತ್ತಿದರು. ಎಷ್ಟೋ ಹೊತ್ತು ಹುಡುಕಿದರು. ಆಮೇಲೆ ಅವರ ಬೆರಳು ಮೆಲ್ಲಗೆ ಮೇಲೆದ್ದು ನೇಮಿರಾಜಯ್ಯನವರ ಮಾಳಿಗೆಯ ಮೇಲಕ್ಕೆ ನಿಂತಿತು.

"ಅಗೋ" ಎಂದರು. ಹೋದ ವರ್ಷದ ಜೋರು ಆ ದನಿಯಲ್ಲಿರಲಿಲ್ಲ.

ಬೀದಿಯ ತಲೆಗಳೆಲ್ಲ ಅತ್ತ ತಿರುಗಿದವು. ಅಲ್ಲಿ ಏನೂ ಇರಲಿಲ್ಲ. ಚಂದ್ರನಿರಲಿ, ಮೋಡಕ್ಕೆ ಒಂದು ಬಿಳಿ ಅಂಚು ಕೂಡ ಇರಲಿಲ್ಲ. ನನ್ನ ಕಣ್ಣು ಎಳೆಯದು, ಚೆನ್ನಾಗಿ ನೋಡಿದೆ, ಹಂಚು ಬಿಟ್ಟರೆ ಇನ್ನೇನೂ ಕಾಣಲಿಲ್ಲ. ನನ್ನ ಗಂಡ ಕಣ್ಣು ಮುಚ್ಚಿಕೊಂಡರು.

ಅತ್ತೆ ಜಗಲಿಯಿಂದ ಇಳಿದರು. ಸೆರಗು ಹೊದ್ದು, ಯಾರನ್ನೂ ನೋಡದೆ ನೇರ ನಡೆದು ಬಂದು ಮಾವನ ಪಕ್ಕದಲ್ಲಿ ನಿಂತು, ಅವರ ಬೆರಳ ತುದಿಯಿಂದಾಚೆಗೆ ದೃಷ್ಟಿಯಿಟ್ಟರು. ಆಮೇಲೆ ಮಾವನ ಮುಖ ನೋಡಿದರು. ಮತ್ತೆ ಮಾಳಿಗೆಯ ಕಡೆ ನೋಡಿದರು.

"ಊಂ ಕಣ್ರೀ. ಕಾಣ್ತದೆ."

ಮಾವನ ಬೆರಳು ಕೆಳಗಿಳಿಯಿತು. ಅವರು ತಿರುಗಿ, ಒರಳು, ಕಂಬ, ಸೊಸೆ, ಯಾರ ಹಂಗೂ ಇಲ್ಲದೆ, ವರ್ಷದ ಮೊದಲ ಮಾತನ್ನು ಹೆಂಡತಿಯ ಮುಖಕ್ಕೇ ಹೇಳಿದರು: "ನಿಜವಾಗ್ಲೂ ಕಂಡ್ತೇನೇ?"

"ನಿಮ್ಗೆ ಕಂಡ್ ಮ್ಯಾಲೆ ನಂಗ್ ಕಾಣ್ದೆ ಇರ್ತದಾ?"

"ಬೂವನಳ್ಳಿ ಕಣ್ಣು ಚೂಪು ಬುಡು" ಎಂದರು ಮಾವ. "ನಮ್ಮಪ್ಪ ಅವತ್ತೇ ಏಳಿದ್ರು, ಆ ಊರೋರ್ಗೆ ಕಣ್ಣು ಚೂಪು ಅಂತ."

ನೇಮಿರಾಜಯ್ಯನವರಿಗೆ ಅಷ್ಟೇ ಸಾಕಾಗಿತ್ತು. "ನಂಗೂ ಕಾಣ್ತು! ಏನ್ ಬೆಳ್ಳಗವ್ನೆ!" ಎಂದು ತಮ್ಮ ಸ್ವಂತ ಹಂಚಿಗೆ ಕೈಮುಗಿದರು. ಜಿನಮ್ಮನವರು ಗಲ್ಲ ಬಡಿದುಕೊಂಡು, ಈ ವರ್ಷ ಚಂದ್ರ ಸ್ವಲ್ಪ ದಪ್ಪವೇ ಇದ್ದಾನೆ ಎಂದರು. ಅವರ ಮನೆಗೆ ಚನ್ನರಾಯಪಟ್ಟಣದಿಂದ ಬಂದಿದ್ದ ನೆಂಟರು ತಮ್ಮೂರಿನಲ್ಲೂ ಚಂದ್ರ ಇಷ್ಟೇ ದಪ್ಪ ಎಂದು ಬಿಟ್ಟುಕೊಡದೆ ಹೇಳಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಚಂದ್ರ ಕಂಡ. ಎಲ್ಲರೂ ಎಲ್ಲರ ಕಾಲಿಗೂ ಬಿದ್ದರು. ಅವಸರದಲ್ಲಿ ನನ್ನ ಗಂಡ ನಮ್ಮಣ್ಣನ ಕಾಲಿಗೆ ಬಿದ್ದು, ಅವನು ಗಾಬರಿಯಿಂದ ಇವರ ಕಾಲಿಗೆ ಬಿದ್ದು, ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತೊಡಕಿನ ದಿನದ ನಗು, ವರ್ಷವೆಲ್ಲ ನಗುತ್ತೇನೆ ಎಂದುಕೊಂಡು ಇನ್ನಷ್ಟು ನಕ್ಕೆ.

ಒಳಗೆ ಬಂದ ಮೇಲೆ ಮಾತು ಶುರುವಾಯಿತು ನೋಡಿ! ಕೋಡಿ ಬಿದ್ದ ಕೆರೆ ಅದು. ಶ್ರಾವಣದಲ್ಲಿ ಆಡಬೇಕಾಗಿದ್ದದ್ದು, ಕಾರ್ತಿಕದಲ್ಲಿ ಉಳಿದುಹೋದದ್ದು, ಸಂಕ್ರಾಂತಿಯಲ್ಲಿ ನುಂಗಿಕೊಂಡದ್ದು, ಎಲ್ಲ ಒಟ್ಟಿಗೆ. ಇಬ್ಬರೂ ಒಂದೇ ಸಲಕ್ಕೆ ಮಾತಾಡುತ್ತಿದ್ದರು, ಇಬ್ಬರೂ ಒಂದೇ ಸಲಕ್ಕೆ ಊಂಗುಟ್ಟುತ್ತಿದ್ದರು. ಮಾವ ಅಣ್ಣನ ಕಡೆ ತಿರುಗಿ, "ಬೆಳಗಾಗೆದ್ದು ಉಡ್ಗೀನ ಕರ್ಕಂಡೋಗಪ್ಪ, ಬಸ್ಸು ತಪ್ಪಿಸ್ಕಂಡೀಯಾ" ಎಂದರು. ಅತ್ತೆ, "ಅವಳ ಪೆಟ್ಟಿಗೆ ನಾನೇ ಕಟ್ತೀನಿ" ಎಂದರು. ನಾನು ಹಾರಿ ಕುಣಿಯಬೇಕು, ಹೊಟ್ಟೆ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ, "ಅದಿರ್ಲಿ, ದೀಪಾವಳೀಲಿ ಕಡುಬು ಚೆನ್ನಾಗದೆ ಅಂತ ಏಳಿ ಕಳ್ಸಿದ್ರಲ್ಲ, ನಂಗೆಷ್ಟು ಸಂತೋಸ ಆಯ್ತು ಗೊತ್ತಾ?" ಎಂದರು.

"ಕಡುಬಾ? ಕಲ್ಲಾ ಕೇಳು ಅಂದಿದ್ದೆ ನಾನು!"

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. "ಅಯ್ಯೋ ಸೊಂಟ" ಎಂದು ನಾನು ಹಿತ್ತಲಿನ ದಾರಿ ಹಿಡಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಓಗ್ಲಿ ಬುಡಿ, ಅವಳ ಬಾಯಲ್ಲಿ ಚೆನ್ನಾಗಿತ್ತು." ಮಾವನ ನಗು ಕೇಳಿಸಿತು. ಆ ಮನೆಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು.

ಹಿತ್ತಲಲ್ಲಿ ತಣ್ಣಗೆ ಗಾಳಿ ಬೀಸುತ್ತಿತ್ತು. ಮೋಡ ಹರಿದು ಚೂರಾಗಿತ್ತು. ತಲೆಯೆತ್ತಿದೆ. ಪಕ್ಕದ ಮನೆಯ ಕೊಟ್ಟಿಗೆಯ ಸೂರಿನ ಮೇಲೆ, ಪಡುವಣದಲ್ಲಿ ಒಂಚೂರು ಬಡಗಣಕ್ಕೆ ಸರಿದು, ಎಳೆಚಂದ್ರ ಸೊಗಸಾಗಿ ಕೂತಿದ್ದ. ನೇಮಿರಾಜಯ್ಯನವರ ಮಾಳಿಗೆ ಇರುವುದು ತೆಂಕಣಕ್ಕೆ. ಅಲ್ಲಿಗೂ ಇಲ್ಲಿಗೂ ಅರ್ಧ ಆಕಾಶದ ದೂರ. ಹೋದ ವರ್ಷವೂ ಮಾವ ಬೆರಳು ಮಾಡಿದ್ದು ಅದೇ ಮಾಳಿಗೆಗೆ. ತೊಡಕಿನ ಚಂದ್ರ ಕಾಣುವ ದಿಕ್ಕು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಅಂದರೆ ಹೋದ ವರ್ಷವೂ ಅತ್ತೆ ಹೇಳಿದ್ದೇ ಸರಿ. ಅದು ಅವರಿಗೆ ಅವತ್ತೂ ಗೊತ್ತಿತ್ತು, ಈಗ ಬೀದಿಯಲ್ಲಿ ನಿಂತಾಗಲೂ ಗೊತ್ತಿತ್ತು. ನನಗೆ ಅತ್ತೆಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿ ಬಂತು.

ಒಳಗೆ ಮಾವ ಏನೋ ಅನ್ನುತ್ತಿದ್ದರು, ಅತ್ತೆ ಅದಕ್ಕೆ ಇನ್ನೇನೋ ಅನ್ನುತ್ತಿದ್ದರು. ವರ್ಷವಿಡೀ ಆ ಮನೆಯ ಮಾತುಗಳನ್ನೆಲ್ಲ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹೊತ್ತವಳು ನಾನು. ಬಾಯಿ ತನಕ ಬಂದ ಈ ಒಂದನ್ನು ನುಂಗಿಕೊಂಡೆ. ಹೊಟ್ಟೆಯೊಳಗಿನದು ಪಟ್ಟೆಂದು ಒಂದು ಒದ್ದಿತು.

"ನೋಡಿದ್ಯಲ್ಲ? ಸುಮ್ನಿರು, ನೀನೂ ಏಳ್ಬ್ಯಾಡ" ಎಂದೆ. ಅತ್ತೆ ಮಾವ ಇಬ್ಬರ ಪರವಾಗಿಯೂ ಚಂದ್ರನಿಗೆ ಕೈಮುಗಿದು, ಒಳಗೆ ಬಂದು ಹಿತ್ತಲ ಬಾಗಿಲ ಚಿಲಕ ಹಾಕಿಕೊಂಡೆ.